ಟ್ಯೂಬಿನೊಳಗೆ ಬಣ್ಣವೋ, ಖಾರವೋ?

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಎಂದೊಡನೆ ಭಕ್ತರಿಗೆ ನೆನಪಾಗುವುದು ಕಾಂತೇಶ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ ಈ ಮೂವರು ಹನುಮರನ್ನು ಒಂದೇ ದಿನ ಕಂಡು ಬರುವ ರೂಢಿ ಈ ಭಾಗದಲ್ಲಿದೆ. ಅಡುಗೆಮನೆಯ ಕಡೆಯಿಂದ ನೋಡುವವರಿಗೆ ಮಾತ್ರ ಈ ಸೀಮೆ ಎಂದರೆ ಮೆಣಸಿನಕಾಯಿ. ಸುಗ್ಗಿ ಮುಗಿದು ಬಿಸಿಲು ಏರುವ ಹೊತ್ತಿಗೆ ಬ್ಯಾಡಗಿ ಮಾರುಕಟ್ಟೆಯ ಅಂಗಳಗಳು ಕೆಂಪಾಗುತ್ತವೆ. ಡಬ್ಬಿ, ಕಡ್ಡಿ ಎಂಬ ತಳಿಗಳ ಸುಕ್ಕುಗಟ್ಟಿದ ಕಾಯಿಗಳು ಚೀಲ ಚೀಲವಾಗಿ ಬಂದು ಬೀಳುತ್ತವೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಕಾಯಿಯ ವಿಶೇಷ ಎಲ್ಲರಿಗೂ ಗೊತ್ತಿರುವುದೇ: ಬಣ್ಣ ಹೆಚ್ಚು, ಖಾರ ಕಡಿಮೆ. ಈ ಕಾಯಿಗೂ ನಾವು ಮೈಗೆ ಹಚ್ಚುವ ಕ್ರೀಮಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಎರಡು ಬಗೆಯದು. ಇದರ ಬಣ್ಣ ಸೌಂದರ್ಯವರ್ಧಕಗಳಿಗೆ ಹೋಗುತ್ತದೆ. ಮೆಣಸಿನಕಾಯಿಯ ಖಾರ ಔಷಧದ ಮುಲಾಮುಗಳಿಗೆ ಹೋಗುತ್ತದೆ. ಒಂದೇ ಕಾಯಿಯ ಸಿಪ್ಪೆಯೊಳಗೆ ಅಲಂಕಾರವೂ ಇದೆ, ಮದ್ದೂ ಇದೆ. ಆದರೆ ಅವು ಬೇರೆ ಬೇರೆ ವಸ್ತುಗಳು, ಬೇರೆ ಬೇರೆ ಕೆಲಸ ಮಾಡುತ್ತವೆ. ಔಷಧದಂಗಡಿಯಲ್ಲಿ ಸಾಲಾಗಿ ನಿಂತ ಟ್ಯೂಬುಗಳ ವಿಷಯದಲ್ಲಿ ನಮ್ಮ ಜನ ಮರೆಯುತ್ತಿರುವುದು ಈ ವ್ಯತ್ಯಾಸವನ್ನೇ. ಇಂದು ಚರ್ಮಕ್ಕೆ ಆಗುತ್ತಿರುವ ಬಹುಪಾಲು ಹಾನಿಗೆ ಕೆಟ್ಟ ಕ್ರೀಮುಗಳಷ್ಟೇ ಕಾರಣವಲ್ಲ. ಖಾರವನ್ನು ಬಣ್ಣವೆಂದು ತಿಳಿದು ಹಚ್ಚಿಕೊಳ್ಳುವುದೇ ದೊಡ್ಡ ಕಾರಣ ಎಂಬುದು ಈ ಲೇಖನದ ವಾದ.

ಮೊದಲು ಬಣ್ಣದ ಮಾತು. ಬ್ಯಾಡಗಿ ಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂತಿನ್, ಕ್ಯಾಪ್ಸೊರುಬಿನ್ ಎಂಬ ವರ್ಣದ್ರವ್ಯಗಳು. ಕಾಯಿಯನ್ನು ಪುಡಿಮಾಡಿ ದ್ರಾವಕಗಳಲ್ಲಿ ನೆನೆಸಿ ತೆಗೆದ ಗಾಢ ಕೆಂಪು ಎಣ್ಣೆಗೆ ಓಲಿಯೊರೆಸಿನ್ ಎನ್ನುತ್ತಾರೆ. ಆಹಾರಕ್ಕೆ ಬಣ್ಣ ಕೊಡಲು, ತುಟಿಯ ರಂಗಿಗೆ, ಉಗುರು ಬಣ್ಣಕ್ಕೆ ಇದು ಬಳಕೆಯಾಗುತ್ತದೆ. ತುಟಿಗೆ ಹಚ್ಚಿದ ಬಣ್ಣ ತುಟಿಯ ಮೇಲೆಯೇ ಇರುತ್ತದೆ. ಒರೆಸಿದರೆ ಹೋಗುತ್ತದೆ, ಒಳಗಿನ ಜೀವಕೋಶಗಳ ವ್ಯವಹಾರದಲ್ಲಿ ಕೈ ಹಾಕುವುದಿಲ್ಲ. ಸೌಂದರ್ಯವರ್ಧಕವೆಂದರೆ ತಾತ್ವಿಕವಾಗಿ ಇಷ್ಟೇ. ನಮ್ಮ ದೇಶದ 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯೂ ಇದೇ ಗೆರೆಯನ್ನು ಎಳೆಯುತ್ತದೆ. ಮೈಯನ್ನು ಶುಚಿಗೊಳಿಸಲು, ಚೆಲುವು ಹೆಚ್ಚಿಸಲು, ತೋರಿಕೆಯನ್ನು ಬದಲಿಸಲು ಹಚ್ಚುವ, ಸುರಿಯುವ, ಸಿಂಪಡಿಸುವ ವಸ್ತು ಸೌಂದರ್ಯವರ್ಧಕ. ರೋಗವನ್ನು ಪತ್ತೆಮಾಡಲು, ವಾಸಿಮಾಡಲು, ತಗ್ಗಿಸಲು, ತಡೆಯಲು ಬಳಸುವುದು ಔಷಧ. ಮೊದಲನೆಯದನ್ನು ಯಾರು ಬೇಕಾದರೂ ಕೊಳ್ಳಬಹುದು. ಎರಡನೆಯದರಲ್ಲಿ ಪ್ರಬಲವಾದವುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಕಾನೂನು ಕಾಗದದ ಮೇಲೆ ಎಳೆದ ಈ ಗೆರೆ ಅಂಗಡಿಯ ಕಪಾಟಿನಲ್ಲಿ ಕಾಣುವುದಿಲ್ಲ. ಅಲ್ಲಿ ಎರಡೂ ಒಂದೇ ಬಗೆಯ ಟ್ಯೂಬಿನಲ್ಲಿ, ಒಂದೇ ಬಿಳಿ ಬಣ್ಣದಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಯಲ್ಲಿ ಕೈಗೆ ಬರುತ್ತವೆ.

ಇನ್ನು ಖಾರ. ಮೆಣಸಿನಕಾಯಿಯ ಉರಿಗೆ ಕಾರಣವಾದ ಕ್ಯಾಪ್ಸೈಸಿನ್‌ಗೆ ಬಣ್ಣವೇ ಇಲ್ಲ. ಕೆಂಪಿಗೆ ಉರಿಯಿಲ್ಲ, ಉರಿಗೆ ಕೆಂಪಿಲ್ಲ. ಕ್ಯಾಪ್ಸೈಸಿನ್ ಚರ್ಮದ ಮೇಲೆ ಸುಮ್ಮನೆ ಕೂರುವ ವಸ್ತುವಲ್ಲ. ನರಗಳ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಿ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖ ತಾಗಿದರೆ ಅದು ತೆರೆದುಕೊಂಡು ಮಿದುಳಿಗೆ ಉರಿಯ ಸುದ್ದಿ ಕಳಿಸುತ್ತದೆ. ಬೆಂಕಿ ಇಲ್ಲದಿದ್ದರೂ ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ತೆರೆಯುತ್ತದೆ. 1997ರಲ್ಲಿ ಈ ಗ್ರಾಹಿಯನ್ನು ಪತ್ತೆಹಚ್ಚಿದ ಅಮೆರಿಕದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿ ಬಂತು. ಬಾಗಿಲನ್ನು ಮತ್ತೆ ಮತ್ತೆ ತೆರೆಸಿದರೆ ನರದ ತುದಿ ದಣಿದು ಸುದ್ದಿ ಕಳಿಸುವುದನ್ನೇ ಕೆಲಕಾಲ ನಿಲ್ಲಿಸುತ್ತದೆ. ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಕಾಡುವ ನೋವಿಗೆ, ಮಂಡಿಯ ಸವೆತದ ನೋವಿಗೆ ಕ್ಯಾಪ್ಸೈಸಿನ್ ಮುಲಾಮು ಕೊಡುವುದು ಇದೇ ಕಾರಣಕ್ಕೆ. ಆ ಮುಲಾಮಿನಲ್ಲಿ ಅದರ ಪ್ರಮಾಣ ನೂರಕ್ಕೆ 0.025ರಿಂದ 0.075 ಮಾತ್ರ. ನೂರಕ್ಕೆ 8ರಷ್ಟು ಇರುವ ಪಟ್ಟಿಯೂ ಇದೆ, ಆದರೆ ಅದನ್ನು ವೈದ್ಯರ ಕಣ್ಣೆದುರೇ ಹಚ್ಚಬೇಕು. ವಸ್ತು ಒಂದೇ, ಪ್ರಮಾಣ ಬದಲಾದರೆ ನಿಯಮವೇ ಬದಲಾಗುತ್ತದೆ. ನೋವಿಗೆ ಒಳ್ಳೆಯದೆಂದು ಯಾರಾದರೂ ಮನೆಯಲ್ಲಿ ಖಾರ ಅರೆದು ಮಂಡಿಗೆ ಮೆತ್ತಿದರೆ ಚರ್ಮ ಸುಟ್ಟು ಬೊಕ್ಕೆ ಏಳಬಹುದು. ಮದ್ದೆಂದರೆ ವಸ್ತು ಮಾತ್ರವಲ್ಲ. ವಸ್ತು, ಪ್ರಮಾಣ, ಜಾಗ, ಅವಧಿ ಈ ನಾಲ್ಕೂ ಕೂಡಿದರೆ ಮದ್ದು.

ಹಾಗಾದರೆ ಕ್ರೀಮು ಎಂದರೇನು? ಎಣ್ಣೆ ಮತ್ತು ನೀರನ್ನು ಒಂದಕ್ಕೊಂದು ಬೆರೆಯುವಂತೆ ಕಟ್ಟಿಹಾಕಿದ ಮಿಶ್ರಣ, ಅಷ್ಟೇ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಜೇನುಮೇಣ, ಎಣ್ಣೆ, ಗುಲಾಬಿ ನೀರು ಸೇರಿಸಿ ಮಾಡಿದ ಲೇಪ ಇಂದಿನ ಕೋಲ್ಡ್ ಕ್ರೀಮಿನ ಮೂಲ. ನಮ್ಮ ಆಯುರ್ವೇದದಲ್ಲಿ ತುಪ್ಪವನ್ನು ನೂರು ಸಲ ನೀರಿನಲ್ಲಿ ತೊಳೆದು ಬೆಣ್ಣೆಗಿಂತ ನಯವಾದ ಬಿಳಿ ಲೇಪ ಮಾಡುತ್ತಾರೆ. ಶತಧೌತ ಘೃತವೆಂಬ ಆ ಲೇಪವೂ ಗುಣದಲ್ಲಿ ಕ್ರೀಮೇ. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ಕಲ್ಲೆಣ್ಣೆಯ ಜಿಡ್ಡಿನಿಂದ ವ್ಯಾಸಲೀನ್ ಮಾಡಿ ಪೇಟೆಂಟ್ ಪಡೆದರು. ಹತ್ತು ವರ್ಷದ ಬಳಿಕ ಜರ್ಮನಿಯಲ್ಲಿ ಕುರಿಯ ಉಣ್ಣೆಯ ಜಿಡ್ಡನ್ನು ಶುದ್ಧೀಕರಿಸಿ ಲ್ಯಾನೊಲಿನ್ ಎಂದು ಹೆಸರಿಟ್ಟರು. ರಾಣೆಬೆನ್ನೂರು ಸೀಮೆಯಲ್ಲಿ ಕಂಬಳಿಗೆಂದು ಉಣ್ಣೆ ನೂಲುವವರ ಬೆರಳಿಗೆ ಹತ್ತುವ ಜಿಡ್ಡಿನ ಜಾತಿಯದೇ ಅದು. ಇವೆಲ್ಲ ಏಕೆ ಬೇಕಾದವು ಎಂದರೆ ಚರ್ಮದ ಹೊರಪದರ ಇಟ್ಟಿಗೆ ಗೋಡೆಯ ಹಾಗಿದೆ. ಸತ್ತ ಜೀವಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ದೇಹದ ಬಹುತೇಕ ಭಾಗದಲ್ಲಿ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗವೂ ಇಲ್ಲ. ಒಳಗಿನ ನೀರು ಹೊರಹೋಗದಂತೆ, ಹೊರಗಿನ ವಿಷ ಒಳಬರದಂತೆ ಇಷ್ಟು ತೆಳುವಾದ ಪದರವೇ ಕಾಯಬೇಕು. ಬಿಸಿಲು, ಸಾಬೂನು, ಧೂಳು, ವಯಸ್ಸು ಗಾರೆಯನ್ನು ಕರಗಿಸಿದಾಗ ಚರ್ಮ ಬಿರಿಯುತ್ತದೆ. ಎಣ್ಣೆಯಂಶ ಬಿರುಕನ್ನು ಮುಚ್ಚುತ್ತದೆ, ಗ್ಲಿಸರಿನ್ ಮತ್ತು ಯೂರಿಯಾ ನೀರನ್ನು ಹಿಡಿದಿಡುತ್ತವೆ.

ಆದ್ದರಿಂದ ಸಾದಾ ಕ್ರೀಮನ್ನು ಶ್ರೀಮಂತರ ಶೋಕಿ ಎಂದು ತಳ್ಳಿಹಾಕುವುದು ತಪ್ಪು. ಎರೆಹೊಲದಲ್ಲಿ ಬರಿಗಾಲಲ್ಲಿ ನಡೆದು ಹಿಮ್ಮಡಿ ಸೀಳಿದವರಿಗೆ ಅದು ಶೋಕಿಯಲ್ಲ. ಆಳವಾದ ಸೀಳಿನಲ್ಲಿ ಕೀವಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅದೇ ಸೀಳು ಕಾಲಿಗೇ ಕುತ್ತಾಗಬಹುದು. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ, ಒರೆಸಿ, ತೇವ ಆರುವ ಮುನ್ನ ವ್ಯಾಸಲೀನನ್ನೋ ಯೂರಿಯಾ ಇರುವ ಕ್ರೀಮನ್ನೋ ಹಚ್ಚಿದರೆ ಸಾಕಷ್ಟು ಸೀಳುಗಳು ಮುಚ್ಚುತ್ತವೆ. ಇಸುಬಿನಿಂದ ನರಳುವ ಮಕ್ಕಳಿಗೆ ದಿನವೂ ಎಣ್ಣೆಯಂಶದ ಲೇಪ ಹಚ್ಚುವುದೇ ಚಿಕಿತ್ಸೆಯ ಅಡಿಪಾಯ. ಬೆಲೆಗೂ ಗುಣಕ್ಕೂ ಇಲ್ಲಿ ನೇರ ಸಂಬಂಧವಿಲ್ಲ. ತೇವ ಉಳಿಸುವ ಕೆಲಸದಲ್ಲಿ ಸುವಾಸನೆಯಿಲ್ಲದ ಅಗ್ಗದ ವ್ಯಾಸಲೀನನ್ನು ದುಬಾರಿ ಡಬ್ಬಿ ಮೀರಿಸಬೇಕೆಂದೇನೂ ಇಲ್ಲ. ಬದಲಿಗೆ ಸುವಾಸನೆಯ ವಸ್ತುಗಳೇ ಹಲವರಿಗೆ ತುರಿಕೆ ತರುತ್ತವೆ. ಬಿಸಿಲಿನಿಂದ ಕಾಯುವ ಕ್ರೀಮಿಗೂ ಇದೇ ಮಾತು. ಡಬ್ಬಿಯ ಮೇಲಿನ ಎಸ್‌ಪಿಎಫ್ 30 ಎಂಬ ಅಂಕಿ, ಸರಿಯಾಗಿ ಹಚ್ಚಿದರೆ ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ ನೂರಕ್ಕೆ ಸುಮಾರು 97ನ್ನು ತಡೆಯುತ್ತದೆಂದು ಹೇಳುತ್ತದೆ. ಆದರೆ ಬೆಳಗಿನಿಂದ ಸಂಜೆಯವರೆಗೆ ಹೊಲದಲ್ಲಿ ಬೆವರುವವರಿಗೆ ಎರಡು ತಾಸಿಗೊಮ್ಮೆ ಕ್ರೀಮು ಹಚ್ಚುವುದು ಆಗದ ಮಾತು. ಅವರಿಗೆ ತಲೆಗೆ ಸುತ್ತಿದ ವಸ್ತ್ರ, ಹಣೆ ಮುಚ್ಚುವ ಸೆರಗು, ತುಂಬುತೋಳಿನ ಅಂಗಿಯೇ ಒಳ್ಳೆಯ ರಕ್ಷಣೆ. ಹೀಗೆ ಬಣ್ಣದ ಜಾತಿಯ ಕ್ರೀಮುಗಳಿಗೆ ಅವುಗಳದೇ ಮರ್ಯಾದೆಯಿದೆ, ಅವುಗಳದೇ ಮಿತಿಯಿದೆ.

ಕಷ್ಟ ಶುರುವಾಗುವುದು ಸ್ಟೀರಾಯ್ಡ್ ಮುಲಾಮುಗಳಿಂದ. 1952ರಲ್ಲಿ ಅಮೆರಿಕದ ಚರ್ಮವೈದ್ಯರಾದ ಸಲ್ಜ್‌ಬರ್ಗರ್ ಮತ್ತು ವಿಟನ್ ಹೈಡ್ರೊಕಾರ್ಟಿಸೋನ್ ಲೇಪವನ್ನು ಮೊದಲಿಗೆ ಬಳಸಿ ತೋರಿಸಿದಾಗ ಅದು ಚರ್ಮವೈದ್ಯಶಾಸ್ತ್ರದ ದೊಡ್ಡ ತಿರುವಾಗಿತ್ತು. ಅಲ್ಲಿಯವರೆಗೆ ಇಸುಬಿಗೆ, ಸೋರಿಯಾಸಿಸ್‌ಗೆ ಡಾಂಬರಿನಂಥ ಲೇಪಗಳೇ ಗತಿಯಾಗಿದ್ದವು. ಸ್ಟೀರಾಯ್ಡ್ ಚರ್ಮದೊಳಗಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತ ಹುಟ್ಟಿಸುವ ಜೀವಕೋಶಗಳ ಬಾಯಿ ಕಟ್ಟುತ್ತದೆ. ಕೆಂಪು ಹೋಗುತ್ತದೆ, ತುರಿಕೆ ನಿಲ್ಲುತ್ತದೆ. ಸರಿಯಾದ ರೋಗಕ್ಕೆ, ಸರಿಯಾದ ಬಲದಲ್ಲಿ, ಕೆಲವು ದಿನಗಳ ಮಟ್ಟಿಗೆ ಬಳಸಿದರೆ ಇದಕ್ಕಿಂತ ಒಳ್ಳೆಯ ಮದ್ದು ಕಡಿಮೆ. ಸ್ಟೀರಾಯ್ಡ್ ಎಂಬ ಹೆಸರು ಕೇಳಿ ಹೆದರಿ, ವೈದ್ಯರು ಬರೆದುಕೊಟ್ಟದ್ದನ್ನೂ ಬಿಟ್ಟು ಮಗುವಿನ ಇಸುಬನ್ನು ಕೆರಳಲು ಬಿಡುವವರು ಇನ್ನೊಂದು ತಪ್ಪು ಮಾಡುತ್ತಾರೆ. ಆದರೆ ಈ ಗುಂಪಿನಲ್ಲಿ ಬಲದ ಅಂತರ ಬಹಳ. ಹೈಡ್ರೊಕಾರ್ಟಿಸೋನ್ ಸೌಮ್ಯವಾದುದು; ಕ್ಲೋಬೆಟಾಸೋಲ್ ಅದಕ್ಕಿಂತ ನೂರಾರು ಪಟ್ಟು ಪ್ರಬಲ. ಕ್ಲೋಬೆಟಾಸೋಲನ್ನು ಸತತವಾಗಿ ಎರಡು ವಾರಕ್ಕಿಂತ ಹೆಚ್ಚು, ವಾರಕ್ಕೆ 50 ಗ್ರಾಂಗಿಂತ ಹೆಚ್ಚು ಬಳಸಬಾರದೆಂಬ ಮಿತಿಯಿದೆ. ಬ್ಯಾಡಗಿ ಕಾಯಿಗೂ ಅತಿ ಖಾರದ ಕಾಯಿಗೂ ಇರುವ ವ್ಯತ್ಯಾಸ ಸಾರಿಗೆ ಹಾಕುವ ಹೆಣ್ಣುಮಕ್ಕಳಿಗೆ ಚೆನ್ನಾಗಿ ಗೊತ್ತು. ಎರಡನ್ನೂ ಒಂದೇ ಅಳತೆಯಲ್ಲಿ ಯಾರೂ ಹಾಕುವುದಿಲ್ಲ. ಮುಲಾಮಿನ ವಿಷಯದಲ್ಲಿ ಆ ಎಚ್ಚರ ನಮಗೆ ಇನ್ನೂ ಬಂದಿಲ್ಲ.

ಹುಳಕಡ್ಡಿಯ ಉದಾಹರಣೆ ನೋಡಿ. ಗಜಕರ್ಣವೆಂದೂ ಕರೆಯುವ ಇದು ಶಿಲೀಂಧ್ರದಿಂದ ಬರುವ ಸೋಂಕು. ಬೆವರು ನಿಲ್ಲುವ ತೊಡೆಸಂದು, ಸೊಂಟ, ಕಂಕುಳಲ್ಲಿ ದುಂಡಗೆ ಹರಡುತ್ತದೆ. ಅಂಗಡಿಯಲ್ಲಿ ಕೇಳಿದರೆ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಮೂರನ್ನೂ ಬೆರೆಸಿದ ಟ್ಯೂಬು ಕೈಗೆ ಬರುವುದುಂಟು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಆದರೆ ಮಾಯವಾದದ್ದು ದೇಹದ ಪ್ರತಿರೋಧ, ಶಿಲೀಂಧ್ರವಲ್ಲ. ಕಾವಲುಗಾರನನ್ನು ಮಲಗಿಸಿದ ಮನೆಯಲ್ಲಿ ಕಳ್ಳ ಆರಾಮಾಗಿ ಓಡಾಡಿದಂತೆ ಅದು ಒಳಗೇ ಬೆಳೆಯುತ್ತದೆ. ಮುಲಾಮು ನಿಲ್ಲಿಸಿದೊಡನೆ ಮೊದಲಿಗಿಂತ ದೊಡ್ಡದಾಗಿ, ಗುರುತು ಹಿಡಿಯಲಾಗದ ಆಕಾರದಲ್ಲಿ ಹೊರಬರುತ್ತದೆ. ಹೀಗೆ ವೇಷ ಮರೆಸಿಕೊಂಡ ಹುಳಕಡ್ಡಿಯನ್ನು ಬ್ರಿಟಿಷ್ ವೈದ್ಯರು 1968ರಲ್ಲೇ ವರದಿ ಮಾಡಿದ್ದರು. ಈಗ ಅದಕ್ಕೆ ಇನ್ನೊಂದು ತೊಡಕು ಸೇರಿದೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೆ ಬಗ್ಗದ ಶಿಲೀಂಧ್ರವೊಂದು ನಮ್ಮ ದೇಶದಲ್ಲಿ ವ್ಯಾಪಕವಾಗಿ ಹರಡಿದೆ. 2020ರಲ್ಲಿ ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರಿನಲ್ಲೇ ಭಾರತದ ಹೆಸರು ಸೇರಿಕೊಂಡಿದೆ: ಟ್ರೈಕೊಫೈಟಾನ್ ಇಂಡೋಟಿನಿಯೆ. ಇಂದು ಯುರೋಪ್, ಅಮೆರಿಕದಲ್ಲೂ ಅದು ಕಾಣಿಸಿಕೊಂಡಿದೆ. ಮಿಶ್ರ ಮುಲಾಮುಗಳ ದುರ್ಬಳಕೆ ಈ ಹಬ್ಬುವಿಕೆಗೆ ಒಂದು ಕಾರಣವೆಂದು ಚರ್ಮವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 2018ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 328 ಮಿಶ್ರ ಔಷಧಗಳ ಪಟ್ಟಿಯಲ್ಲಿ ಇಂಥ ಹಲವು ಚರ್ಮದ ಮುಲಾಮುಗಳೂ ಇದ್ದವು. ಒಂದು ಮನೆಯ ತೊಡೆಸಂದಿನ ತುರಿಕೆ ಎಂದು ಹಗುರವಾಗಿ ಕಂಡದ್ದು ಹೀಗೆ ಲೋಕದ ತಲೆನೋವಾಗಿದೆ.

ಮುಖದ ಕಥೆ ಇದಕ್ಕಿಂತ ನೋವಿನದು. 1975 ಎಂಬ ವರ್ಷವನ್ನು ಇಲ್ಲಿ ನೆನೆಯಬೇಕು. ಆ ವರ್ಷ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡನ್ನು ಬೆರೆಸಿ ಮುಖದ ಕಪ್ಪು ಮಚ್ಚೆ ತಿಳಿಯಾಗಿಸುವ ಔಷಧ ಸೂತ್ರವನ್ನು ಪ್ರಕಟಿಸಿದರು. ಅದೇ ವರ್ಷ ಭಾರತದ ಮಾರುಕಟ್ಟೆಗೆ ಫೇರ್ ಅಂಡ್ ಲವ್ಲಿ ಎಂಬ ಸೌಂದರ್ಯವರ್ಧಕ ಬಂತು. ಒಂದು ಖಾರದ ಜಾತಿ, ಇನ್ನೊಂದು ಬಣ್ಣದ ಜಾತಿ. ಕಾಲ ಕಳೆದಂತೆ ಜನರ ಮನಸ್ಸಿನಲ್ಲಿ ಎರಡೂ ಬೆರೆತುಹೋದವು. ಬೆಳ್ಳಗಾಗಲು ಸೌಂದರ್ಯವರ್ಧಕ ಸಾಲದೆಂದು ತೋರಿದವರು ಅಂಗಡಿಯಲ್ಲಿ ಆ ಮೂರು ಔಷಧಗಳ ಮಿಶ್ರಣವನ್ನೋ ಬರಿಯ ಬೀಟಾಮೆಥಾಸೋನನ್ನೋ ಕೇಳಿ ದಿನವೂ ಹಚ್ಚತೊಡಗಿದರು. ಮುಖದ ಚರ್ಮ ಮುಂಗೈಯ ಚರ್ಮದಂತಲ್ಲ. 1967ರ ಪ್ರಸಿದ್ಧ ಅಧ್ಯಯನವೊಂದರ ಪ್ರಕಾರ ಮುಂಗೈ ಹೀರುವುದಕ್ಕಿಂತ ಹಣೆ 6 ಪಟ್ಟು, ದವಡೆಯ ಅಂಚು 13 ಪಟ್ಟು, ವೃಷಣದ ಚರ್ಮ 42 ಪಟ್ಟು ಹೆಚ್ಚು ಹೈಡ್ರೊಕಾರ್ಟಿಸೋನನ್ನು ಹೀರುತ್ತದೆ. ದಿನವೂ ಹಚ್ಚಿದಾಗ ಮೊದಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ಕೆಂಪು ರಕ್ತನಾಳಗಳು ಎದ್ದು ಕಾಣುತ್ತವೆ, ಮೊಡವೆ ತುಂಬುತ್ತದೆ, ಕೂದಲು ಬೆಳೆಯುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ. ಬಿಟ್ಟರೆ ಉರಿ ಇಮ್ಮಡಿ. ಆ ಉರಿ ತಡೆಯಲಾರದೆ ಮತ್ತೆ ಹಚ್ಚುತ್ತಾರೆ. ಮದ್ಯದ ಚಟದಂತೆ ಮುಖಕ್ಕೂ ಚಟ ಹತ್ತುತ್ತದೆ.

ಇದು ಅಲ್ಲೊಬ್ಬರ ಇಲ್ಲೊಬ್ಬರ ಕಥೆಯಲ್ಲ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಯಿಂದ ಬಂದ 2926 ಮಂದಿಯನ್ನು ವಿಚಾರಿಸಲಾಯಿತು. ಅವರಲ್ಲಿ 433 ಮಂದಿ, ಅಂದರೆ ನೂರಕ್ಕೆ ಸುಮಾರು 15, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಹಾಗೆ ಹಚ್ಚುತ್ತಿದ್ದವರಲ್ಲಿ ನೂರಕ್ಕೆ 29ರಷ್ಟು ಮಂದಿಗೆ ಅದು ರೋಗದ ಮದ್ದೇ ಆಗಿರಲಿಲ್ಲ. ಬೆಳ್ಳಗಾಗುವ ಅಥವಾ ದಿನಬಳಕೆಯ ಕ್ರೀಮಾಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದನ್ನು ಹೇಳಿಕೊಟ್ಟವರು ವೈದ್ಯರಲ್ಲ. ಭಾರತೀಯ ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪಗಳನ್ನು ಶೆಡ್ಯೂಲ್ ಎಚ್ ನಿಯಮದಡಿ ತಂದು, ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಅಧಿಸೂಚಿಸಿತು. ನಿಯಮ ಬಂದದ್ದು ಒಳ್ಳೆಯದಾಯಿತು. ಆದರೆ ಚೀಟಿ ಕೇಳುವ ಅಂಗಡಿ, ಚೀಟಿ ತರುವ ಗಿರಾಕಿ ಇಬ್ಬರೂ ಇಲ್ಲದ ಊರಿನಲ್ಲಿ ನಿಯಮ ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಅಕ್ಕಪಕ್ಕದವರು ಕೊಟ್ಟ ಅರ್ಧ ಖಾಲಿಯಾದ ಟ್ಯೂಬಿಗೆ ಯಾವ ಕಾನೂನೂ ತಾಗುವುದಿಲ್ಲ. ಅದನ್ನು ತಡೆಯಬಲ್ಲದ್ದು ಹಚ್ಚಿಕೊಳ್ಳುವವರ ತಿಳಿವಳಿಕೆ ಮಾತ್ರ.

ಅಂದವಾಗಿ ಕಾಣಬೇಕೆಂಬ ಆಸೆ ತಪ್ಪೇ ಎಂದು ಯಾರಾದರೂ ಕೇಳಬಹುದು. ಖಂಡಿತ ತಪ್ಪಲ್ಲ. ಹೆರಿಗೆಯ ಆಸುಪಾಸಿನಲ್ಲಿ, ಬಿಸಿಲಿನ ದುಡಿಮೆಯಲ್ಲಿ ಕೆನ್ನೆಯ ಮೇಲೆ ಬಂಗು ಬಂದ ಹೆಣ್ಣುಮಗಳಿಗೆ ಅದು ನಿಜವಾದ ಸಂಕಟ. ಅದಕ್ಕೆ ಚಿಕಿತ್ಸೆಯೂ ಇದೆ. ಬಿಸಿಲು ತಪ್ಪಿಸುವುದು ಅದರ ಮೊದಲ ಹೆಜ್ಜೆ. ಆದರೆ ಬಂಗು ತಿಳಿಯಾಗಿಸುವುದು ಬೇರೆ, ಹುಟ್ಟಿನ ಮೈಬಣ್ಣ ಬದಲಿಸುವುದು ಬೇರೆ. ಕಪ್ಪು ಮೈಯವರಲ್ಲೂ ಬಿಳಿ ಮೈಯವರಲ್ಲೂ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ಎಷ್ಟು, ಎಂಥ ಮೆಲನಿನ್ ತಯಾರಿಸಬೇಕೆಂಬುದನ್ನು ನಿರ್ಧರಿಸುವುದು ವಂಶವಾಹಿ. ಆ ಮೆಲನಿನ್ ನಮ್ಮ ಬಿಸಿಲಿನ ನಾಡಿನಲ್ಲಿ ಚರ್ಮಕ್ಕೆ ಕೊಡೆ ಹಿಡಿಯುತ್ತದೆ. ಅದನ್ನು ಬಲವಂತವಾಗಿ ತಡೆಯುವ ವಸ್ತುಗಳಲ್ಲಿ ಅತಿ ಕೆಟ್ಟದ್ದು ಪಾದರಸ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಕಂಡ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳಲ್ಲಿ 15 ಅಪರೂಪದ ಜಾತಿಗೆ ಸೇರಿದ್ದವು. ಆ 15ರಲ್ಲಿ 13 ಮಂದಿ ಬೆಳ್ಳಗಾಗುವ ಕ್ರೀಮು ಬಳಸಿದ್ದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ತಾಗಿತು. ಫೇರ್ ಅಂಡ್ ಲವ್ಲಿಯ ತಯಾರಕರೇ 2020ರಲ್ಲಿ ಆ ಹೆಸರಿನಿಂದ ಬೆಳ್ಳಗಿನ ಮಾತನ್ನು ತೆಗೆದುಹಾಕಿ ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿದರು. ಹೆಸರು ಬದಲಾದಷ್ಟು ಬೇಗ ಮನಸ್ಸು ಬದಲಾಗದು. ಆದರೆ ಇದೇ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಅಂಕಿತವಾಗಿಟ್ಟುಕೊಂಡ ಕನಕದಾಸರು ರಾಮಧಾನ್ಯಚರಿತೆಯಲ್ಲಿ ಕಪ್ಪು ರಾಗಿಯನ್ನೂ ಬಿಳಿ ಭತ್ತವನ್ನೂ ರಾಮನ ಮುಂದೆ ನಿಲ್ಲಿಸಿ, ಪರೀಕ್ಷೆಯಲ್ಲಿ ಗೆದ್ದದ್ದು ರಾಗಿಯೆಂದು ನೂರಾರು ವರ್ಷಗಳ ಹಿಂದೆಯೇ ಹೇಳಿಹೋಗಿದ್ದಾರೆ. ಈ ನೆಲದ ಮಕ್ಕಳು ಮೈಬಣ್ಣಕ್ಕೆ ನಾಚಬೇಕಾದ ಕಾರಣವಿಲ್ಲ.

ನಾವು ರಾಸಾಯನಿಕ ಮುಟ್ಟುವುದಿಲ್ಲ, ಗಿಡಮೂಲಿಕೆಯದನ್ನೇ ಬಳಸುತ್ತೇವೆ ಎಂಬುದು ಇನ್ನೊಂದು ವಾದ. ಅರಿಶಿನ, ಲೋಳೆಸರ, ಕೊಬ್ಬರಿ ಎಣ್ಣೆಗೆ ನಮ್ಮ ಮನೆಗಳಲ್ಲಿ ದೊಡ್ಡ ಸ್ಥಾನವಿದೆ, ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆಯ ಗುಣವೂ ನಿಜ. ಆದರೆ ಗಿಡದಿಂದ ಬಂದ ಮಾತ್ರಕ್ಕೆ ನಿರಪಾಯವಾಗುವುದಾದರೆ ಮೆಣಸಿನಕಾಯಿ ಕೈ ಉರಿಸಬಾರದಿತ್ತು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಗುಣ ದೋಷಗಳು ವಸ್ತುವಿನ ಕುಲದಲ್ಲಿಲ್ಲ, ಅದು ಚರ್ಮದೊಳಗೆ ಮಾಡುವ ಕೆಲಸದಲ್ಲಿವೆ. ಗಿಡಮೂಲಿಕೆಯ ಹೆಸರು ಹೊತ್ತು, ಒಳಗೇನಿದೆ ಎಂದು ಬರೆಯದೆ ಸಂತೆಯಲ್ಲಿ, ಮೊಬೈಲಿನಲ್ಲಿ ಮಾರುವ ಡಬ್ಬಿ ವಾರದೊಳಗೆ ಮುಖ ಬೆಳಗಿಸಿದರೆ ಸಂತೋಷಪಡುವ ಬದಲು ಅನುಮಾನಪಡಬೇಕು. ಅಷ್ಟು ಬೇಗ ಕೆಲಸ ಮಾಡುವುದು ಬಹುತೇಕ ಖಾರದ ಜಾತಿಯ ವಸ್ತುವೇ. ತೊನ್ನನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದು 1954ರ ಕಾಯ್ದೆಯಂತೆ ಅಪರಾಧವೆಂಬುದೂ ಎಲ್ಲರಿಗೂ ತಿಳಿದಿರಲಿ.

ಎಲ್ಲಕ್ಕಿಂತ ತೂಕದ ಆಕ್ಷೇಪ ಬಡತನದ್ದು, ದೂರದ್ದು. ಹಳ್ಳಿಯಲ್ಲಿ ಚರ್ಮದ ವೈದ್ಯರಿಲ್ಲ. ಹಾವೇರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ. ಔಷಧದಂಗಡಿಯವರೇ ನಮಗೆ ಡಾಕ್ಟರು. ಈ ಮಾತಿನಲ್ಲಿರುವ ನೋವನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕ ಹಾಕಿದರೆ ತಪ್ಪು ಮುಲಾಮೇ ದುಬಾರಿ. ನಾಲ್ಕು ವಾರದಲ್ಲಿ ಮುಗಿಯಬೇಕಾದ ಹುಳಕಡ್ಡಿ ಮನೆಮಂದಿಗೆಲ್ಲ ಹಬ್ಬಿ ವರ್ಷಗಟ್ಟಲೆ ಟ್ಯೂಬು ಕೊಳ್ಳಿಸುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹುಳಕಡ್ಡಿ, ಕಜ್ಜಿ, ಚಿಬ್ಬನ್ನು ಗುರುತಿಸಬಲ್ಲರು. ಸರ್ಕಾರದ ಇ-ಸಂಜೀವಿನಿಯಲ್ಲಿ ಮೊಬೈಲಿನ ಮೂಲಕವೇ ವೈದ್ಯರನ್ನು ಕಾಣಬಹುದು. ಅದೂ ಆಗದಿದ್ದಾಗ ಸ್ವಂತ ಬುದ್ಧಿಯಿಂದ ಕೊಳ್ಳಬಹುದಾದವೂ ಇವೆ. ಒಣ ಚರ್ಮಕ್ಕೆ ವ್ಯಾಸಲೀನ್, ಬೆವರುಸಾಲೆಗೆ ಕ್ಯಾಲಮೈನ್ ಹಚ್ಚಿದರೆ ದೊಡ್ಡ ಅಪಾಯವಿಲ್ಲ. ಹೊಸದಾಗಿ ಬಂದ ಸಣ್ಣ ಹುಳಕಡ್ಡಿಗೆ ಬೇರೇನೂ ಬೆರೆಸದ ಬರಿಯ ಕ್ಲೋಟ್ರಿಮಜೋಲನ್ನು, ಕಲೆ ಮಾಸಿದ ಮೇಲೂ ಎರಡು ವಾರ ಬಿಡದೆ ಹಚ್ಚಬಹುದು. ದೂರವಿಡಬೇಕಾದ್ದನ್ನು ಗುರುತಿಸುವುದೂ ಕಷ್ಟವಲ್ಲ. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಬೀಟಾಮೆಥಾಸೋನ್, ಮೊಮೆಟಾಸೋನ್, ಫ್ಲುಟಿಕಾಸೋನ್ ಎಂದು ‘ಸೋನ್’ನಲ್ಲಿ ಮುಗಿಯುವ ಹೆಸರಾಗಲಿ ಕ್ಲೋಬೆಟಾಸೋಲ್ ಆಗಲಿ ಕಂಡರೆ ಅದು ಖಾರ; ಚೀಟಿ ಇಲ್ಲದೆ ಬೇಡ. ವೈದ್ಯರು ಬರೆದುಕೊಟ್ಟಾಗ ಎಷ್ಟು ದಿನ ಎಂದು ಕೇಳಿ ಬರೆಸಿಕೊಳ್ಳಿ. ಅಳತೆಗೆ ನಿಮ್ಮ ತೋರುಬೆರಳೇ ಸಾಕು. ಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ; ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು.

ಕೊನೆಗೆ ಮತ್ತೆ ಬ್ಯಾಡಗಿಯ ಅಂಗಳಕ್ಕೆ ಬರೋಣ. ಅಲ್ಲಿ ಕಾಯಿಯ ತೊಟ್ಟು ಮುರಿಯುತ್ತ ಕೂತ ಹೆಣ್ಣುಮಕ್ಕಳ ಕೈ ಸಂಜೆಗೆ ಉರಿಯುತ್ತದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಆದ್ದರಿಂದ ಮೊದಲು ಎಣ್ಣೆ ಹಚ್ಚಿ ಒರೆಸಿ ಆಮೇಲೆ ಸಾಬೂನಿನಿಂದ ತೊಳೆಯುವುದು ಸರಿಯಾದ ಉಪಾಯ. ಮಲಗುವ ಮುನ್ನ ಸಾದಾ ವ್ಯಾಸಲೀನ್ ಹಚ್ಚಿದರೆ ಕೈಯ ಗೋಡೆ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಉರಿಗೆಂದು ದಿನವೂ ಸ್ಟೀರಾಯ್ಡ್ ಮುಲಾಮು ಹಚ್ಚಿದರೆ ಗೋಡೆ ಇನ್ನಷ್ಟು ತೆಳುವಾಗಿ ಮರುದಿನದ ಖಾರ ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಅವರಿಗೆ ಕ್ರೀಮಿಗಿಂತ ಮೊದಲು ಬೇಕಾದದ್ದು ಕೈಗವಸು. ಅದನ್ನು ಒದಗಿಸುವುದು ಕೆಲಸ ಕೊಟ್ಟವರ ಹೊಣೆ. ಕಾಯಿ ಕೊಳ್ಳುವಾಗ ಮುರಿದು, ಮೂಸಿ, ಬೀಜ ನೋಡಿ, ಇದರಲ್ಲಿ ಬಣ್ಣವೆಷ್ಟು ಖಾರವೆಷ್ಟು ಎಂದು ವಿಚಾರಿಸದೆ ಈ ಸೀಮೆಯ ಯಾರೂ ಒಂದು ಕಿಲೊ ಮೆಣಸಿನಕಾಯಿಯನ್ನೂ ಮನೆಗೆ ಒಯ್ಯುವುದಿಲ್ಲ. ಅಷ್ಟೇ ವಿಚಾರಣೆಯನ್ನು ನಿಮ್ಮ ಮುಖಕ್ಕೂ ನಿಮ್ಮ ಮಕ್ಕಳ ಮೈಗೂ ಹಚ್ಚುವ ಟ್ಯೂಬಿನ ಮೇಲೂ ಮಾಡಿ. ಅದನ್ನು ತಿರುಗಿಸಿ ಹಿಂಬದಿ ಓದಿ. ಓದಲಾಗದಿದ್ದರೆ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಒಳಗಿರುವುದು ಏನೆಂದು ತಿಳಿಯುವ ತನಕ ಮುಚ್ಚಳ ತೆರೆಯಬೇಡಿ.